ಆಪರೇಷನ್ ಆದ ಮೇಲೆ ಬರುವ ಸನ್ನಿ: ವಾರ್ಡ್ ನರ್ಸ್ ಅದನ್ನು ಹೊತ್ತಿಗೆ ಸರಿಯಾಗಿ ಹಿಡಿಯುವುದು ಹೇಗೆ?

ಬೆಂಗಳೂರಿನ ಒಂದು ಸರ್ಜಿಕಲ್ ವಾರ್ಡಿಗೆ ನಾನು ಸೇರಿ ಎರಡು ವರ್ಷವಾಗಿತ್ತು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ಅಜ್ಜ ಒಬ್ಬರಿದ್ದರು. ಎರಡನೇ ದಿನ ಇಡೀ ಶಿಫ್ಟ್ ಅವರು ಬೆಲ್ ಒತ್ತಲಿಲ್ಲ. ನೋವು ಅನ್ನಲಿಲ್ಲ, ನೀರು ಕೇಳಲಿಲ್ಲ. ಪಕ್ಕದ ಬೆಡ್ಡಿನವರು ಡ್ರಿಪ್ ಕಿತ್ತು ಗಲಾಟೆ ಮಾಡುತ್ತಿದ್ದರು, ನಾವೆಲ್ಲ ಅಲ್ಲೇ ಇದ್ದೆವು. ಅಜ್ಜನ ನೋಟ್ಸ್‌ನಲ್ಲಿ ನಾನು ‘ಶಾಂತವಾಗಿ ಮಲಗಿದ್ದಾರೆ, ಯಾವ ದೂರೂ ಇಲ್ಲ’ ಎಂದು ಬರೆದೆ.

ಸಂಜೆ ಸೊಸೆ ಬಂದರು. ಐದು ನಿಮಿಷ ಕೂತವರು ಎದ್ದು ನನ್ನ ಹತ್ತಿರ ಬಂದು, ‘ಸಿಸ್ಟರ್, ನಮ್ಮ ಮಾವ ಹೀಗಲ್ಲ. ಪೇಪರ್ ಓದದೆ ಕಾಫಿ ಮುಟ್ಟಲ್ಲ. ಈಗ ನನ್ನ ಮುಖಾನೇ ನೋಡ್ತಿಲ್ಲ’ ಅಂದರು. ಹೋಗಿ ಹೊಟ್ಟೆ ಮುಟ್ಟಿ ನೋಡಿದರೆ ಮೂತ್ರಕೋಶ ಹೊಕ್ಕುಳಿನವರೆಗೆ ಉಬ್ಬಿತ್ತು. ಬೆಳಿಗ್ಗೆ ಕ್ಯಾತಿಟರ್ ತೆಗೆದ ಮೇಲೆ ಅವರು ಮೂತ್ರ ಮಾಡಿರಲೇ ಇಲ್ಲ. ಅವರಿಗೆ ಡೆಲಿರಿಯಂ, ಅಂದರೆ ಥಟ್ಟನೆ ಬರುವ ಬುದ್ಧಿಯ ಗೊಂದಲ, ಆಗಿತ್ತು. ಇದು ನನ್ನ ತಪ್ಪು. ಆ ನೋಟ್ಸ್ ಬರೆದದ್ದು ನಾನೇ. ಗಲಾಟೆ ಮಾಡುವ ರೋಗಿ ತನ್ನಷ್ಟಕ್ಕೆ ತಾನೇ ಕಣ್ಣಿಗೆ ಬೀಳುತ್ತಾರೆ. ಸುಮ್ಮನಿರುವವರನ್ನು ಹುಡುಕುವುದೇ ಸ್ಕ್ರೀನಿಂಗ್. ಅದಕ್ಕೇ ಈ ಬರಹ.

ಡೆಲಿರಿಯಂ ಅಂದರೆ ಏನು, ಏನಲ್ಲ

ನಮ್ಮ ಹಳಬರು ಇದಕ್ಕೆ ‘ಸನ್ನಿ’ ಅನ್ನುತ್ತಿದ್ದರು. ಜ್ವರದ ತಾಪದಲ್ಲಿ ಬಡಬಡಿಸುವುದನ್ನು ಕಂಡು ಇಟ್ಟ ಹೆಸರು. ಮನೆಯವರಿಗೆ ವಿವರಿಸಲು ಈಗಲೂ ಒಳ್ಳೆಯ ಪದ. ಆದರೆ ಸನ್ನಿ ಅಂದ ತಕ್ಷಣ ಕೂಗಾಟವೇ ನೆನಪಾಗುತ್ತದೆ, ಅದೊಂದೇ ತೊಂದರೆ. ಡೆಲಿರಿಯಂನಲ್ಲಿ ಮೂರು ಬಗೆ. ಒಂದರಲ್ಲಿ ರೋಗಿ ಕಿರುಚುತ್ತಾರೆ, ಟ್ಯೂಬ್ ಎಳೆಯುತ್ತಾರೆ, ಹಾಸಿಗೆಯಿಂದ ಇಳಿಯಲು ನೋಡುತ್ತಾರೆ. ಇನ್ನೊಂದರಲ್ಲಿ ಮಂಕಾಗಿ ಮಲಗಿರುತ್ತಾರೆ. ಮೂರನೆಯದು ಎರಡರ ನಡುವೆ ಓಲಾಡುತ್ತದೆ. ವಯಸ್ಸಾದವರಲ್ಲಿ ಮಂಕು ಬಗೆ ತುಂಬಾ ಸಾಮಾನ್ಯ. ನಮ್ಮ ಕೈ ತಪ್ಪಿಹೋಗುವುದೂ ಅದೇ ಜಾಸ್ತಿ.

ಇದು ಅರಳುಮರಳಲ್ಲ. ಅರಳುಮರಳು ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬರುತ್ತದೆ. ಡೆಲಿರಿಯಂ ಗಂಟೆಗಳಲ್ಲಿ, ದಿನಗಳಲ್ಲಿ ಬರುತ್ತದೆ. ಬೆಳಿಗ್ಗೆ ಒಂದು ರೀತಿ, ಸಂಜೆ ಇನ್ನೊಂದು ರೀತಿ ಇರುತ್ತದೆ. ಮುಖ್ಯವಾಗಿ ಕೆಡುವುದು ಗಮನ. ಒಂದು ಮಾತಿನ ಮೇಲೆ ಮನಸ್ಸು ನಿಲ್ಲುವುದಿಲ್ಲ. ಅರಳುಮರಳು ಇರುವವರಿಗೂ ಡೆಲಿರಿಯಂ ಬರಬಹುದು, ಅವರಿಗೇ ಸುಲಭವಾಗಿ ಬರುತ್ತದೆ. ಹಾಗಾಗಿ ‘ಅವರಿಗೆ ಮೊದಲೇ ಮರೆವು ಇತ್ತು’ ಎಂದು ಕೈಬಿಡಬೇಡಿ.

ಅರಿವಳಿಕೆ ಇಳಿಯುವ ಹೊತ್ತಿನಲ್ಲಿ ರಿಕವರಿ ರೂಮಿನಲ್ಲಿ ಕೆಲವರು ಗಾಬರಿಯಿಂದ ಎದ್ದು ಕೂರುತ್ತಾರೆ. ಅದು ಬೇರೆ, ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ನಾವು ಹುಡುಕುವ ಡೆಲಿರಿಯಂ ಹೆಚ್ಚಾಗಿ ಮೊದಲ ದಿನದಿಂದ ಮೂರನೇ ದಿನದೊಳಗೆ ಬರುತ್ತದೆ. ನಡುವೆ ರೋಗಿ ಪೂರ್ತಿ ಸರಿಯಾಗಿಯೇ ಇರಬಹುದು. ‘ಥಿಯೇಟರಿನಿಂದ ಬಂದಾಗ ಚೆನ್ನಾಗಿ ಮಾತಾಡಿದ್ರು’ ಅನ್ನುವುದು ಎರಡನೇ ದಿನಕ್ಕೆ ಗ್ಯಾರಂಟಿ ಅಲ್ಲ.

ಹಂತ 1: ಆಪರೇಷನ್‌ಗೆ ಮೊದಲೇ ಶುರು ಮಾಡಿ

ಬದಲಾವಣೆ ಹಿಡಿಯಬೇಕಾದರೆ ಮೊದಲು ಹೇಗಿದ್ದರು ಎಂದು ಗೊತ್ತಿರಬೇಕು ಅಲ್ವಾ? ಅಡ್ಮಿಷನ್ ದಿನ ಹತ್ತು ನಿಮಿಷ ಕೊಡಿ. 65 ದಾಟಿದವರು, ಮೊದಲೇ ಮರೆವು ಇರುವವರು, ಸೊಂಟದ ಮೂಳೆ ಮುರಿದು ಬಂದವರು, ತುಂಬಾ ಕಾಯಿಲೆಯಾಗಿ ಬಂದವರು: ಈ ನಾಲ್ಕು ಗುಂಪಿಗೆ ಅಪಾಯ ಜಾಸ್ತಿ. ಹೃದಯದ ಆಪರೇಷನ್ ಆದವರನ್ನೂ ನಾನು ಇದೇ ಸಾಲಿನಲ್ಲಿ ಇಡುತ್ತೇನೆ.

ಕೇಸ್ ಶೀಟಿನಲ್ಲಿ ನಾನು ಬರೆದಿಡುವುದು ಇಷ್ಟು. ಮನೆಯಲ್ಲಿ ಯಾವ ಭಾಷೆ ಮಾತಾಡುತ್ತಾರೆ? ಓದು ಬರಹ ಬರುತ್ತದಾ? ಹುಟ್ಟಿದ ದಿನ ನಿಜವಾಗಿ ಗೊತ್ತಾ? ಕನ್ನಡಕ, ಹಿಯರಿಂಗ್ ಏಡ್, ಹಲ್ಲಿನ ಸೆಟ್ ಇದೆಯಾ, ಈಗ ಯಾರ ಹತ್ತಿರ ಇದೆ? ದಿನಾ ನಿದ್ದೆಗೆ ಮಾತ್ರೆ ತೆಗೆದುಕೊಳ್ಳುತ್ತಾರಾ? ಕುಡಿತ ಇದೆಯಾ, ಕೊನೆಯ ಸಲ ಯಾವಾಗ? ಕುಡಿತದ ಪ್ರಶ್ನೆಯನ್ನು ಎಲ್ಲರೆದುರು ಕೇಳಬೇಡಿ. ಹೆಂಡತಿಯನ್ನೋ ಮಗನನ್ನೋ ಕಾರಿಡಾರಿಗೆ ಕರೆದು ಕೇಳಿ. ‘ಬೈಯೋದಕ್ಕಲ್ಲ, ಔಷಧಿ ಸರಿಯಾಗಿ ಕೊಡೋದಕ್ಕೆ’ ಅಂದರೆ ಹೇಳುತ್ತಾರೆ.

ಬೆಂಗಳೂರಿನಲ್ಲಿ ಭಾಷೆಯ ಪ್ರಶ್ನೆ ಸಣ್ಣದಲ್ಲ. ಒಂದೇ ವಾರ್ಡಿನಲ್ಲಿ ಕೋಲಾರದ ಕಡೆಯ ತೆಲುಗು ಅಜ್ಜಿ, ಶಿವಾಜಿನಗರದ ಉರ್ದು ಅಜ್ಜ, ಮಂಡ್ಯದ ಕನ್ನಡದ ರೈತ ಇರುತ್ತಾರೆ. ನರ್ಸ್ ಕೇರಳದಿಂದಲೋ ಮಣಿಪುರದಿಂದಲೋ ಬಂದಿರುತ್ತಾರೆ. ಎಷ್ಟು ವರ್ಷ ಕನ್ನಡ ಮಾತಾಡಿದ್ದರೂ ಮಂಕಾದಾಗ ಮನುಷ್ಯ ತಾಯಿಯ ಮಾತಿಗೇ ಹೋಗುತ್ತಾನೆ. ಬೇರೆ ಭಾಷೆಯಲ್ಲಿ ಪರೀಕ್ಷೆ ಮಾಡಿದರೆ ಇಲ್ಲದ ಡೆಲಿರಿಯಂ ಕಾಣಿಸಬಹುದು.

ಹಂತ 2: ಪರೀಕ್ಷೆ ಯಾವಾಗ ಮಾಡಬೇಕು?

ರಿಕವರಿಯಿಂದ ವಾರ್ಡಿಗೆ ಕಳಿಸುವ ಮೊದಲು ಒಮ್ಮೆ. ಆಮೇಲೆ ಕನಿಷ್ಠ ಮೂರು ದಿನ, ಪ್ರತಿ ಶಿಫ್ಟಿಗೆ ಒಮ್ಮೆ. ಸೊಂಟದ ಮೂಳೆ, ಹೃದಯದ ಆಪರೇಷನ್ ಇದ್ದರೆ ಐದು ದಿನ ಮಾಡಿದರೆ ಒಳ್ಳೆಯದು. ಮನೆಯವರು ‘ಯಾಕೋ ಸರಿಯಿಲ್ಲ’ ಅಂದರೆ ಹೊತ್ತು ನೋಡಬೇಡಿ, ಆಗಲೇ ಮಾಡಿ.

ಬೆಳಿಗ್ಗೆ ಮುಖ ತೊಳೆದು ಕಾಫಿ ಕುಡಿದ ಮೇಲೆ ಒಳ್ಳೆಯ ಹೊತ್ತು. ಇನ್ನೊಂದು ಸಂಜೆ ವಿಸಿಟಿಂಗ್ ಹೊತ್ತಿನಲ್ಲಿ. ಕತ್ತಲಾಗುತ್ತಾ ಲಕ್ಷಣ ಜಾಸ್ತಿಯಾಗುತ್ತದೆ, ಮನೆಯವರೂ ಇರುತ್ತಾರೆ. ರಾತ್ರಿ ಮೂರಕ್ಕೆ ಪ್ರಶ್ನೆ ಕೇಳಲೆಂದು ಎಬ್ಬಿಸಬೇಡಿ. ನಿದ್ದೆ ಕೆಡುವುದೂ ಡೆಲಿರಿಯಂಗೆ ಒಂದು ದಾರಿ. ಬಿಪಿ ನೋಡುವಾಗ, ಮಗ್ಗುಲು ಬದಲಿಸುವಾಗ ಹೇಗೆ ಉತ್ತರಿಸುತ್ತಾರೆ ಎಂದು ಗಮನಿಸಿದರೆ ಸಾಕು.

ಹಂತ 3: ರೋಗಿಯನ್ನು ತಯಾರು ಮಾಡಿ

ಕನ್ನಡಕ ಹಾಕಿ. ಹಿಯರಿಂಗ್ ಏಡ್ ಆನ್ ಇದೆಯಾ ನೋಡಿ. ಆಪರೇಷನ್ ದಿನ ತೆಗೆದ ಹಲ್ಲಿನ ಸೆಟ್ಟು, ಕನ್ನಡಕ ಪ್ಲಾಸ್ಟಿಕ್ ಕವರಿನಲ್ಲಿ ಮನೆಗೆ ಹೋಗಿರುತ್ತವೆ, ಎರಡು ದಿನ ಯಾರಿಗೂ ನೆನಪಾಗುವುದಿಲ್ಲ. ಫೋನ್ ಮಾಡಿ ತರಿಸಿ. ನೋವಿದ್ದರೆ ಮೊದಲು ಅದಕ್ಕೆ ಔಷಧಿ ಕೊಡಿ. ಎದುರು ಕೂತು, ಹೆಸರು ಹಿಡಿದು, ಅಜ್ಜಿ ತಾತ ಎಂದು ಅವರಿಗೆ ಒಗ್ಗುವ ಹಾಗೆ ಮಾತಾಡಿಸಿ.

ಜೊತೆಗಿರುವ ಅಟೆಂಡರ್‌ಗೆ ಮೊದಲೇ ಹೇಳಿ: ‘ನಾನು ಕೇಳುವಾಗ ನೀವು ಉತ್ತರ ಹೇಳಿಕೊಡಬೇಡಿ.’ ಪ್ರೀತಿಯಿಂದಲೇ ಹೇಳಿಕೊಡುತ್ತಾರೆ, ಆದರೆ ಪರೀಕ್ಷೆ ಕೆಡುತ್ತದೆ. ಭಾಷೆ ಬದಲಿಸಿ ಹೇಳಲು ಯಾರಾದರೂ ಸಹಾಯಕ್ಕೆ ಬಂದರೆ ಇನ್ನೂ ಎಚ್ಚರ. ಅಜ್ಜಿ ಹೇಳಿದ ಚೆಲ್ಲಾಪಿಲ್ಲಿ ಮಾತನ್ನು ಮಗಳು ಜೋಡಿಸಿ, ಚಂದ ಮಾಡಿ ನಿಮಗೆ ಹೇಳುತ್ತಾಳೆ. ನಿಮಗೆ ಬೇಕಾದ್ದು ಆ ಚೆಲ್ಲಾಪಿಲ್ಲಿಯೇ. ‘ಅವರು ಹೇಳಿದ್ದನ್ನು ಹೇಳಿದ ಹಾಗೇ ಹೇಳಿ, ಅರ್ಥ ಆಗದಿದ್ದರೂ ಪರವಾಗಿಲ್ಲ’ ಎಂದು ಕೇಳಿಕೊಳ್ಳಿ.

ಹಂತ 4: ವಾರ್ಡಿನಲ್ಲಿ 4ಎಟಿ

ಡೆಲಿರಿಯಂ ಹಿಡಿಯುವ ಸಾಧನಗಳು ಹಲವು ಇವೆ. ವಾರ್ಡಿಗೆ ನನ್ನ ಆಯ್ಕೆ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ರೂಪುಗೊಂಡ 4ಎಟಿ. ದುಡ್ಡು ಕೊಡಬೇಕಿಲ್ಲ, ಎರಡು ನಿಮಿಷದ ಕೆಲಸ. ಒಟ್ಟು 12 ಅಂಕ, ನಾಲ್ಕು ಭಾಗ.

ಮೊದಲನೆಯದು ಎಚ್ಚರ. ಮಲಗಿದ್ದರೆ ಕೂಗಿ, ಹೆಗಲು ಮೆಲ್ಲಗೆ ಮುಟ್ಟಿ ಎಬ್ಬಿಸಿ. ಹೆಸರು, ಊರು ಕೇಳಿ. ಪೂರ್ತಿ ಎಚ್ಚರವಿದ್ದರೆ 0. ಎಬ್ಬಿಸಿದ ಮೇಲೆ ಹತ್ತು ಸೆಕೆಂಡಿಗಿಂತ ಕಡಿಮೆ ತೂಕಡಿಸಿ ಸರಿಹೋದರೂ 0. ಮಾತಿನ ನಡುವೆ ಜಾರಿಕೊಂಡು ಹೋಗುತ್ತಿದ್ದರೆ ಅಥವಾ ತುಂಬಾ ಚಡಪಡಿಸುತ್ತಿದ್ದರೆ 4. ಇಲ್ಲಿ ನಡುವಿನ ಅಂಕ ಇಲ್ಲ.

ಎರಡನೆಯದು ನಾಲ್ಕು ಪ್ರಶ್ನೆ: ವಯಸ್ಸೆಷ್ಟು, ಹುಟ್ಟಿದ ದಿನ ಯಾವುದು, ಈಗ ಎಲ್ಲಿದ್ದೀರಿ, ಇದು ಯಾವ ವರ್ಷ. ಎಲ್ಲ ಸರಿಯಿದ್ದರೆ 0, ಒಂದು ತಪ್ಪಿಗೆ 1, ಎರಡು ಅಥವಾ ಹೆಚ್ಚು ತಪ್ಪಿಗೆ 2. ಉತ್ತರಿಸುವ ಸ್ಥಿತಿಯಲ್ಲೇ ಇಲ್ಲದಿದ್ದರೂ 2.

ಮೂರನೆಯದು ಗಮನ. ‘ಡಿಸೆಂಬರಿನಿಂದ ಶುರು ಮಾಡಿ ತಿಂಗಳುಗಳನ್ನು ಹಿಂದಿನಿಂದ ಹೇಳಿ.’ ತಡವರಿಸಿದರೆ ‘ಡಿಸೆಂಬರಿಗಿಂತ ಮುಂಚೆ ಯಾವ ತಿಂಗಳು?’ ಎಂದು ಒಮ್ಮೆ ಸುಳಿವು ಕೊಡಬಹುದು. ಏಳು ಅಥವಾ ಹೆಚ್ಚು ಸರಿಯಿದ್ದರೆ 0. ಶುರು ಮಾಡಿ ಏಳು ಮುಟ್ಟದಿದ್ದರೆ, ಇಲ್ಲವೇ ಹೇಳುವುದಿಲ್ಲ ಅಂದರೆ 1. ಮಂಕಾಗಿ ಪರೀಕ್ಷೆಯೇ ಆಗದಿದ್ದರೆ 2.

ನಾಲ್ಕನೆಯದು ಬದಲಾವಣೆ. ಕಳೆದ ಎರಡು ವಾರದೊಳಗೆ ಶುರುವಾಗಿ, ಕಳೆದ 24 ಗಂಟೆಯಲ್ಲೂ ಕಾಣುತ್ತಿರುವ ಬದಲಾವಣೆ ಅಥವಾ ಏರಿಳಿತ ಇದೆಯಾ? ಇದ್ದರೆ 4, ಇಲ್ಲದಿದ್ದರೆ 0. ಇದಕ್ಕೆ ಉತ್ತರ ಇರುವುದು ಮನೆಯವರ ಹತ್ತಿರ. ಆದರೆ ಯಾವ ಮನೆಯವರು? ರಾತ್ರಿ ಕಾಯಲು ಬಂದ ಮೊಮ್ಮಗನಿಗೆ ಅಜ್ಜಿಯ ದಿನಚರಿ ಗೊತ್ತಿಲ್ಲದಿರಬಹುದು. ಒಂದೇ ಮನೆಯಲ್ಲಿ ಇರುವವರನ್ನು ಹುಡುಕಿ ಕೇಳಿ, ಬೇಕಿದ್ದರೆ ಫೋನಿನಲ್ಲೇ ಕೇಳಿ. ‘ಕನ್‌ಫ್ಯೂಸ್ ಆಗಿದ್ದಾರಾ?’ ಅಂದರೆ ಬಹಳ ಜನ ಇಲ್ಲ ಅನ್ನುತ್ತಾರೆ, ಅವಮಾನ ಅನ್ನಿಸುತ್ತದೆ. ‘ಇವರು ಎಂದಿನ ಹಾಗೆ ಇದ್ದಾರಾ?’ ಎಂದು ಕೇಳಿ. ಆಗ ಮಾತು ಹೊರಗೆ ಬರುತ್ತದೆ. ಹಿಂದಿನ ಶಿಫ್ಟಿನ ಸಿಸ್ಟರ್, ಆಯಾ ಇವರ ಮಾತನ್ನೂ ಸೇರಿಸಿಕೊಳ್ಳಿ. ‘ರಾತ್ರಿ ಗೋಡೆ ಮೇಲೆ ಇರುವೆ ಹರೀತಿದೆ ಅಂತಿದ್ರು’ ಅನ್ನುವುದು ಎಷ್ಟೋ ಸಲ ಆಯಾಗೆ ಮಾತ್ರ ಗೊತ್ತಿರುತ್ತದೆ.

ಒಟ್ಟು 4 ಅಥವಾ ಹೆಚ್ಚು ಬಂದರೆ ಡೆಲಿರಿಯಂ ಇರಬಹುದು, ಡಾಕ್ಟರ್ ನೋಡಬೇಕು. 1ರಿಂದ 3 ಬಂದರೆ ಮರೆವಿನ ತೊಂದರೆ ಇರಬಹುದು. 0 ಬಂದರೆ ಸಾಧ್ಯತೆ ಕಡಿಮೆ. ಆದರೂ ಬದಲಾವಣೆಯ ಬಗ್ಗೆ ಸರಿಯಾದ ಮಾಹಿತಿ ಸಿಗದಿದ್ದರೆ 0 ಅನ್ನು ಪೂರ್ತಿ ನಂಬಬೇಡಿ.

ಅಜ್ಜಿಗೆ ತಿಂಗಳು ಗೊತ್ತಿಲ್ಲದಿದ್ದರೆ?

ಈ ಪ್ರಶ್ನೆ ನಮ್ಮೂರಿನಲ್ಲಿ ದಿನಾ ಎದುರಾಗುತ್ತದೆ. ಶಾಲೆಗೆ ಹೋಗದ ಅಜ್ಜಿಗೆ ಹುಟ್ಟಿದ ದಿನ ಗೊತ್ತಿರುವುದಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದು ಯಾರೋ ಹಾಕಿಸಿರುತ್ತಾರೆ. ವರ್ಷದ ಅಂಕಿ ಅವರಿಗೆ ಬೇಕಾಗಿಯೇ ಇರಲಿಲ್ಲ. ಹೀಗೆ ಎರಡನೇ ಭಾಗದಲ್ಲಿ 2, ಮೂರನೇ ಭಾಗದಲ್ಲಿ 1, ಒಟ್ಟು 3 ಅಂಕ ಪೂರ್ತಿ ಆರೋಗ್ಯವಾಗಿರುವಾಗಲೂ ಬಂದುಬಿಡಬಹುದು. ಮೂರನೆಯದಕ್ಕೆ ನೀವು ಅವಸರದಲ್ಲಿ 2 ಕೊಟ್ಟರೆ 4 ಆಗಿಹೋಯಿತು. ಆದ್ದರಿಂದಲೇ ಈ ಪರೀಕ್ಷೆಯನ್ನು ಆಪರೇಷನ್‌ಗೆ ಮೊದಲೂ ಒಮ್ಮೆ ಮಾಡಿ ಬರೆದಿಡಿ. ಮೊದಲು 3 ಇದ್ದದ್ದು ಈಗಲೂ 3 ಇದ್ದರೆ ಒಂದು ಅರ್ಥ. 0 ಇದ್ದದ್ದು 3 ಆದರೆ ನಾನು ಡಾಕ್ಟರ್‌ಗೆ ಹೇಳಿಯೇ ಹೇಳುತ್ತೇನೆ.

ತಿಂಗಳ ಜೊತೆಗೆ ವಾರಗಳನ್ನೂ ಹಿಂದಿನಿಂದ ಕೇಳಿ. ಭಾನುವಾರ, ಶನಿವಾರ, ಶುಕ್ರವಾರ... ಸೋಮವಾರದ ಪೂಜೆ, ಶನಿವಾರದ ಒಪ್ಪೊತ್ತು, ಊರಿನ ಸಂತೆಯ ದಿನ ಇವೆಲ್ಲ ಇರುವುದರಿಂದ ಓದದವರಿಗೂ ವಾರಗಳು ಬಾಯಲ್ಲೇ ಇರುತ್ತವೆ. ಡೆಲಿರಿಯಂ ಹಿಡಿಯುವ ಇನ್ನೊಂದು ಸಾಧನವಾದ ಕ್ಯಾಮ್ ಪರೀಕ್ಷೆಯ ಮೂರು ನಿಮಿಷದ ರೂಪದಲ್ಲಿ ಈ ಪ್ರಶ್ನೆ ಇದೆ. ಇದನ್ನು 4ಎಟಿ ಅಂಕಕ್ಕೆ ಸೇರಿಸಬೇಡಿ, ಪಕ್ಕದಲ್ಲಿ ಬೇರೆಯಾಗಿ ಬರೆಯಿರಿ. ತಪ್ಪು ಎಲ್ಲಿ ಆಯಿತು ಅನ್ನುವುದಕ್ಕಿಂತ ಹೇಗೆ ಆಯಿತು ಅನ್ನುವುದನ್ನು ನೋಡಿ. ‘ನಂಗೆ ಅದೆಲ್ಲ ಬರಲ್ಲ ಕಣಮ್ಮ’ ಎಂದು ನಿಮ್ಮ ಕಣ್ಣು ನೋಡಿ ನಗುವ ಅಜ್ಜಿಯ ಗಮನ ಸರಿಯಾಗಿದೆ. ಶನಿವಾರ, ಶುಕ್ರವಾರ ಹೇಳಿ, ಆಮೇಲೆ ಕಿಟಕಿ ನೋಡುತ್ತಾ ಪ್ರಶ್ನೆಯನ್ನೇ ಮರೆತವರ ಗಮನ ಕೆಟ್ಟಿದೆ.

ಜಾಗದ ಪ್ರಶ್ನೆಯೂ ಹಾಗೇ. ಹಳ್ಳಿಯಿಂದ ಆಂಬ್ಯುಲೆನ್ಸಿನಲ್ಲಿ ಬಂದವರಿಗೆ ಆಸ್ಪತ್ರೆಯ ಹೆಸರು ಗೊತ್ತಿಲ್ಲದಿರಬಹುದು. ‘ಬೆಂಗಳೂರಿನ ದೊಡ್ಡಾಸ್ಪತ್ರೆ’ ಅಂದರೆ ನಾನು ಆ ಮಾತನ್ನೇ ಬರೆದುಕೊಳ್ಳುತ್ತೇನೆ. ‘ನನ್ನ ತಂಗಿ ಮನೆ’ ಅಂದರೆ ಅದು ಬೇರೆ ಕಥೆ.

ಹಂತ 5: ಐಸಿಯುನಲ್ಲಿ, ಮಾತಾಡಲಾಗದವರಿಗೆ

ಗಂಟಲಿನಲ್ಲಿ ಟ್ಯೂಬ್ ಇರುವವರಿಗೆ 2001ರಲ್ಲಿ ಬಂದ ಕ್ಯಾಮ್-ಐಸಿಯು ಬಳಸುತ್ತೇವೆ. ಮೂಲ ಕ್ಯಾಮ್ 1990ರದು. ಅದರ ತರ್ಕ ನಾಲ್ಕು ಲಕ್ಷಣಗಳದು: ಥಟ್ಟನೆ ಆದ ಬದಲಾವಣೆ ಅಥವಾ ಏರಿಳಿತ, ಗಮನ ನಿಲ್ಲದಿರುವುದು, ಎಚ್ಚರದ ಮಟ್ಟ ಬದಲಾಗಿರುವುದು, ಯೋಚನೆ ಚದುರಿರುವುದು. ಮೊದಲ ಎರಡು ಇರಲೇಬೇಕು. ಜೊತೆಗೆ ಉಳಿದ ಎರಡರಲ್ಲಿ ಒಂದಾದರೂ ಇರಬೇಕು.

ಮೊದಲು ರಾಸ್ ಅಂಕ, ಅಂದರೆ ಎಚ್ಚರ ಮತ್ತು ಚಡಪಡಿಕೆ ಅಳೆಯುವ ಅಂಕ ನೋಡಿ. ಅದು ತುಂಬಾ ಗಲಾಟೆಯ +4ರಿಂದ ಎಬ್ಬಿಸಿದರೂ ಏಳದ −5ರವರೆಗೆ ಇದೆ. ಎಚ್ಚರವಾಗಿ ಶಾಂತವಾಗಿದ್ದರೆ 0. −4 ಅಥವಾ −5 ಇದ್ದರೆ ಪರೀಕ್ಷೆ ಆಗುವುದಿಲ್ಲ, ಆಮೇಲೆ ಬನ್ನಿ. ಗಮನದ ಪರೀಕ್ಷೆಗೆ ಇಂಗ್ಲಿಷ್ ಅಕ್ಷರಗಳ ಬದಲು ಅಂಕಿ ಬಳಸುವ ರೂಪ ಇದೆ, ನಮಗೆ ಅದೇ ಅನುಕೂಲ. ರೋಗಿಯ ಕೈ ಹಿಡಿದು, ‘ಒಂದು ಅಂದಾಗ ಮಾತ್ರ ನನ್ನ ಕೈ ಅದುಮಿ’ ಎಂದು ಹೇಳಿ. ಮೂರು ಸೆಕೆಂಡಿಗೊಂದರಂತೆ ಹೇಳುತ್ತಾ ಹೋಗಿ: ಎಂಟು, ಒಂದು, ಏಳು, ಐದು, ಒಂದು, ನಾಲ್ಕು, ಒಂದು, ಒಂದು, ಮೂರು, ಆರು. ‘ಒಂದು’ ಅಂದಾಗ ಅದುಮದಿದ್ದರೆ ತಪ್ಪು, ಬೇರೆ ಅಂಕಿಗೆ ಅದುಮಿದರೂ ತಪ್ಪು. ಎರಡಕ್ಕಿಂತ ಹೆಚ್ಚು ತಪ್ಪಾದರೆ ಗಮನ ಕೆಟ್ಟಿದೆ ಎಂದು ಲೆಕ್ಕ. ಬದಲಾವಣೆಯೂ ಇದ್ದು, ರಾಸ್ 0 ಅಲ್ಲದಿದ್ದರೆ ಅಲ್ಲಿಗೇ ಪಾಸಿಟಿವ್.

ರಾಸ್ 0 ಇದ್ದರೆ ಯೋಚನೆಯ ಪರೀಕ್ಷೆಗೆ ಹೋಗಿ. ಕಲ್ಲು ನೀರಿನಲ್ಲಿ ತೇಲುತ್ತದಾ? ಸಮುದ್ರದಲ್ಲಿ ಮೀನು ಇರುತ್ತವಾ? ಒಂದು ಕೆಜಿ ಎರಡು ಕೆಜಿಗಿಂತ ಜಾಸ್ತಿ ತೂಕವಾ? ಸುತ್ತಿಗೆಯಿಂದ ಮೊಳೆ ಹೊಡೆಯಬಹುದಾ? ಹೌದು, ಇಲ್ಲ ಎಂದು ತಲೆ ಆಡಿಸಿದರೆ ಸಾಕು. ಆಮೇಲೆ ಎರಡು ಬೆರಳು ತೋರಿಸಿ ‘ಇಷ್ಟು ಬೆರಳು ಎತ್ತಿ’, ಮತ್ತೆ ತೋರಿಸದೆ ‘ಇನ್ನೊಂದು ಕೈಯಲ್ಲೂ ಅಷ್ಟೇ’ ಎಂದು ಹೇಳಿ. ಒಂದಕ್ಕಿಂತ ಹೆಚ್ಚು ತಪ್ಪಾದರೆ ಯೋಚನೆ ಚದುರಿದೆ ಎಂದು ಲೆಕ್ಕ. ಟ್ಯೂಬ್ ತೆಗೆದ ಮೇಲೆ ಒಬ್ಬ ಅಜ್ಜಿ ನನಗೆ, ‘ರಾಮನ ಹೆಸರು ಬರೆದರೆ ಕಲ್ಲೂ ತೇಲುತ್ತೆ’ ಅಂದಿದ್ದರು. ಅದು ಚದುರಿದ ಯೋಚನೆಯಲ್ಲ, ತುಂಬಾ ಸರಿಯಾಗಿ ಜೋಡಿಸಿದ ಮಾತು.

ಹಂತ 6: ಪಾಸಿಟಿವ್ ಬಂದರೆ ಮೊದಲ ಹದಿನೈದು ನಿಮಿಷ

ಮೊದಲು ಪಾರ್ಶ್ವವಾಯು ಅಲ್ಲ ಎಂದು ಖಚಿತ ಮಾಡಿಕೊಳ್ಳಿ. ಬಾಯಿ ಸೊಟ್ಟಗಾಗಿದೆಯಾ, ಒಂದು ಕೈ ಜೋತುಬಿದ್ದಿದೆಯಾ, ಮಾತು ತೊದಲುತ್ತಿದೆಯಾ? ಇದ್ದರೆ ಉಳಿದದ್ದೆಲ್ಲ ಬಿಟ್ಟು ಡ್ಯೂಟಿ ಡಾಕ್ಟರನ್ನು ಓಡಿ ಕರೆಯಿರಿ.

ಇಲ್ಲದಿದ್ದರೆ ಸ್ಯಾಚುರೇಷನ್ (ರಕ್ತದಲ್ಲಿ ಆಮ್ಲಜನಕದ ಮಟ್ಟ), ಉಸಿರಾಟದ ಎಣಿಕೆ, ಬಿಪಿ, ನಾಡಿ, ಜ್ವರ, ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡುವ ಶುಗರ್) ನೋಡಿ. ಶುಗರ್ ಇಳಿದದ್ದು ಕೆಲವೇ ನಿಮಿಷದಲ್ಲಿ ಸರಿಪಡಿಸಬಹುದಾದ ಕಾರಣ. ಉಸಿರಾಟ ತೀರಾ ನಿಧಾನವಾಗಿದ್ದು ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ನೋವಿನ ಇಂಜೆಕ್ಷನ್ ಜಾಸ್ತಿಯಾಗಿರಬಹುದು. ಹೊಟ್ಟೆ ಮುಟ್ಟಿ ಮೂತ್ರಕೋಶ ನೋಡಿ, ಕ್ಯಾತಿಟರ್ ಇದ್ದರೆ ಮಡಚಿದೆಯಾ ನೋಡಿ. ಕೊನೆಯ ಸಲ ಯಾವಾಗ ಮಲವಿಸರ್ಜನೆ ಆಗಿದೆ ಕೇಳಿ. ಗಾಯ, ಡ್ರಿಪ್ ಜಾಗ, ಇನ್‌ಟೇಕ್ ಔಟ್‌ಪುಟ್ ಚಾರ್ಟ್, ಲ್ಯಾಬಿನಿಂದ ಬಂದ ಸೋಡಿಯಂ ನೋಡಿ. ನೋವು ಇದೆಯಾ ಎಂದು ಮತ್ತೆ ಕೇಳಿ. ಹೇಳಲಾಗದವರ ಹುಬ್ಬು, ಮುಷ್ಟಿ ನೋಡಿ.

ಆಮೇಲೆ ಡ್ರಗ್ ಚಾರ್ಟ್. ಅಲರ್ಜಿಗೆ ಕೊಡುವ ಅವಿಲ್, ಫೆನೆರ್ಗಾನ್, ನೋವಿಗೆ ಕೊಡುವ ಪೆಥಿಡಿನ್, ಟ್ರಮಡಾಲ್, ನಿದ್ದೆ ಬರಿಸುವ ಮಿಡಜೋಲಾಮ್, ಲೊರಾಜೆಪಾಮ್: ಇವು ಕಂಡರೆ ಡಾಕ್ಟರಿಗೆ ಹೆಸರು ಹೇಳಿ ತಿಳಿಸಿ. ನಾವಾಗಿ ನಿಲ್ಲಿಸುವ ಹಾಗಿಲ್ಲ. ರಕ್ತ ಕೊಡುವ ಮುಂಚೆ, ತುರಿಕೆಗೆ ಎಂದೆಲ್ಲ ಅವಿಲ್ ಕೊಡುವುದು ನಮ್ಮಲ್ಲಿ ಅಭ್ಯಾಸವಾಗಿದೆ. ವಯಸ್ಸಾದವರ ಮಿದುಳಿಗೆ ಅದು ಹಗುರವಾದ ಔಷಧಿಯಲ್ಲ.

ಕುಡಿತ ಬಿಟ್ಟು ಎರಡು ಮೂರು ದಿನವಾಗಿ ನಡುಕ, ಬೆವರು, ನಾಡಿ ಜೋರು ಇದ್ದರೆ ಅದನ್ನು ಮೊದಲು ಹೇಳಿ. ಬೇರೆ ಡೆಲಿರಿಯಂನಲ್ಲಿ ದೂರ ಇಡುವ ಲೊರಾಜೆಪಾಮ್ ಗುಂಪಿನ ಔಷಧಿಯೇ ಇಲ್ಲಿ ಚಿಕಿತ್ಸೆ. ಆ ಒಂದು ಮಾಹಿತಿಯಿಂದ ದಾರಿಯೇ ಬದಲಾಗುತ್ತದೆ.

ಫೋನಿನಲ್ಲಿ ‘ಪೇಶೆಂಟ್ ಕನ್‌ಫ್ಯೂಸ್ಡ್ ಡಾಕ್ಟರ್’ ಎಂದಷ್ಟೇ ಹೇಳಿದರೆ ‘ಸರಿ, ನೋಡೋಣ’ ಎಂಬ ಉತ್ತರ ಬರುತ್ತದೆ. ಹೀಗೆ ಹೇಳಿ: ‘12ನೇ ಬೆಡ್, 78 ವರ್ಷ, ಸೊಂಟದ ಆಪರೇಷನ್ ಆಗಿ ಎರಡನೇ ದಿನ. ಮೊದಲು 4ಎಟಿ 1 ಇತ್ತು, ಈಗ 9. ಮಧ್ಯಾಹ್ನದಿಂದ ಮಂಕಾಗಿದ್ದಾರೆ, ಮಗಳನ್ನು ಗುರುತಿಸುತ್ತಿಲ್ಲ. ಸ್ಯಾಚುರೇಷನ್ 91, ಜ್ವರ 101. ಬಂದು ನೋಡಬೇಕು.’ ನೋಟ್ಸ್‌ನಲ್ಲೂ ಹೀಗೇ ಬರೆಯಿರಿ. ಅಂಕ, ಹೊತ್ತು, ರೋಗಿ ಆಡಿದ ಒಂದೆರಡು ಮಾತು ಇರಲಿ.

ಹಂತ 7: ಡಾಕ್ಟರ್ ಬಂದು ಹೋದ ಮೇಲೆ

ರೋಗಿಯ ಕೈಯನ್ನು ಹಾಸಿಗೆಗೆ ಕಟ್ಟಿಹಾಕಬೇಡಿ. ಕಟ್ಟಿದರೆ ಗಾಬರಿ ಜಾಸ್ತಿಯಾಗುತ್ತದೆ. ಬೇಡದ ಕ್ಯಾತಿಟರ್, ಬೇಡದ ಡ್ರಿಪ್ ತೆಗೆಯಬಹುದಾ ಎಂದು ಕೇಳಿ. ಗುರುತಿನ ಮುಖ ಒಂದು ಪಕ್ಕದಲ್ಲಿರಲಿ. ಹಗಲು ಬೆಳಕು ಬರಲಿ, ರಾತ್ರಿ ಲೈಟ್ ಇಳಿಸಿ. ಕಿಟಕಿಯಿಲ್ಲದ ಐಸಿಯು ಆದರೆ ದೊಡ್ಡ ಅಕ್ಷರದ ಕನ್ನಡ ಕ್ಯಾಲೆಂಡರ್ ಮತ್ತು ಗಡಿಯಾರ ಕಣ್ಣಿಗೆ ಕಾಣುವಂತೆ ಇಡಿ. ದಿನಾ ಬೆಳಿಗ್ಗೆ ಹಾಳೆ ಹರಿಯುವ ಕ್ಯಾಲೆಂಡರ್ ಆದರೆ ಅಜ್ಜನ ಕೈಯಲ್ಲೇ ಹರಿಸಿ. ನೀರು ಕುಡಿಸಿ, ಎಬ್ಬಿಸಿ ಕೂರಿಸಿ, ಆದಷ್ಟು ಬೇಗ ನಡೆಸಿ.

ಮನೆಯವರ ಹತ್ತಿರ ಕೂತು ಮಾತಾಡಿ. ಗಾಳಿ ಸೋಕಿದೆ, ಹುಚ್ಚು ಹಿಡಿದಿದೆ ಎಂದು ಅವರು ಹೆದರಿರುತ್ತಾರೆ. ನಾನು ಹೇಳುವುದು ಹೀಗೆ: ‘ಇದು ಹುಚ್ಚಲ್ಲ. ಆಪರೇಷನ್, ಔಷಧಿ, ನಿದ್ದೆಗೇಡು ಎಲ್ಲ ಸೇರಿ ಮಿದುಳಿಗೆ ಬಂದ ಸನ್ನಿ. ಕಾರಣ ಹುಡುಕ್ತಿದ್ದೀವಿ. ಬಹಳ ಜನಕ್ಕೆ ಕೆಲವು ದಿನದಲ್ಲಿ ಇಳಿಯುತ್ತೆ, ಕೆಲವರಿಗೆ ವಾರಗಳು ಬೇಕು. ಅವರು ಹೇಳಿದ್ದಕ್ಕೆ ವಾದ ಮಾಡಬೇಡಿ, ನಿಮ್ಮ ಹೆಸರು ಹೇಳಿ ಕೈ ಹಿಡ್ಕೊಳ್ಳಿ.’

ಪ್ರತಿ ಶಿಫ್ಟಿನ ಹ್ಯಾಂಡೋವರಿನಲ್ಲಿ ಅಂಕವನ್ನು ಬಾಯಲ್ಲೇ ಹೇಳಿ. ಹಗಲು ಸರಿಹೋದರು ಎಂದು ಚಾರ್ಟ್ ನಿಲ್ಲಿಸಬೇಡಿ, ಸಂಜೆ ಮತ್ತೆ ಬರಬಹುದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಡೆಲಿರಿಯಂ ಆಗಿತ್ತು ಎಂಬ ಸಾಲು ಇದೆಯಾ ನೋಡಿ, ಇಲ್ಲದಿದ್ದರೆ ಸೇರಿಸಲು ಡಾಕ್ಟರನ್ನು ಕೇಳಿ. ಮುಂದಿನ ಸಲ ಇನ್ನಾವುದೋ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆಗೋ ಹರ್ನಿಯಾಗೋ ಹೋದಾಗ, ಅಲ್ಲಿಯ ಸಿಸ್ಟರಿಗೆ ಆ ಸಾಲು ಬೇಕು.